‘ದಿ ಆಫೀಸ್’ ಮೊದಲ ಸೀಸನ್ ಬಿಟ್ಟು ಎರಡನೆಯದರಿಂದ ಶುರು ಮಾಡಬಹುದಾ?

ಪ್ರಶ್ನೆ: ಅಮೆರಿಕದ ಹಾಸ್ಯ ಧಾರಾವಾಹಿ ‘ದಿ ಆಫೀಸ್’ ಬಗ್ಗೆ ಎಲ್ಲರೂ ಹೊಗಳುತ್ತಾರೆ ಅಂತ ನೋಡಲು ಕೂತೆ. ಮೊದಲ ಎಪಿಸೋಡ್ ಮುಗಿಯುವಷ್ಟರಲ್ಲಿ ಸಾಕಾಯಿತು. ನಗು ಬರಲಿಲ್ಲ, ಬಾಸ್ ಮೇಲೆ ಸಿಟ್ಟು ಬಂತು. ಸ್ನೇಹಿತರು ‘ಮೊದಲ ಸೀಸನ್ ಬಿಟ್ಟುಬಿಡು, ಎರಡರಿಂದ ನೋಡು’ ಅನ್ನುತ್ತಿದ್ದಾರೆ. ಬಿಡಬಹುದಾ?

ಉತ್ತರ: ಬಿಡಬೇಡಿ. ಇರುವುದೇ ಆರು ಎಪಿಸೋಡ್. ಒಂದೊಂದು ಇಪ್ಪತ್ತೆರಡು ನಿಮಿಷದ ಆಸುಪಾಸು. ಎಲ್ಲಾ ಸೇರಿಸಿದರೂ ಒಂದು ಕನ್ನಡ ಸಿನಿಮಾ ನೋಡಿದಷ್ಟು ಹೊತ್ತು. ಆದರೆ ನಿಮಗೆ ಇರಿಸುಮುರಿಸಾಗಿದ್ದು ಸಹಜ. 2005ರಲ್ಲಿ ಅಮೆರಿಕದವರಿಗೂ ಹಾಗೇ ಆಗಿತ್ತು. ಮಾರ್ಚ್ 24ರಂದು ಎನ್‌ಬಿಸಿ ಚಾನೆಲ್‌ನಲ್ಲಿ ಮೊದಲ ಎಪಿಸೋಡ್ ಬಂದಾಗ ಸುಮಾರು 1.1 ಕೋಟಿ ಜನ ನೋಡಿದ್ದರು. ಏಪ್ರಿಲ್ ಕೊನೆಗೆ ಸೀಸನ್ ಮುಗಿಯುವಾಗ ಆ ಲೆಕ್ಕ 50 ಲಕ್ಷಕ್ಕೂ ಕೆಳಗಿಳಿದಿತ್ತು.

ಯಾಕೆ ಹೀಗಾಯಿತು? ಇದು ಬ್ರಿಟನ್‌ನಿಂದ ಬಂದ ಸರಕು. ರಿಕಿ ಜರ್ವೇಸ್ ಮತ್ತು ಸ್ಟೀಫನ್ ಮರ್ಚಂಟ್ ಬಿಬಿಸಿಗೆ ಮಾಡಿದ್ದ ಮೂಲ ‘ದಿ ಆಫೀಸ್’ 2001ರಲ್ಲಿ ಶುರುವಾಗಿ 2003ರ ಕ್ರಿಸ್‌ಮಸ್‌ಗೆ ಮುಗಿದುಹೋಯಿತು. ಹನ್ನೆರಡು ಎಪಿಸೋಡ್, ಮೇಲೊಂದು ಕ್ರಿಸ್‌ಮಸ್ ವಿಶೇಷ, ಅಷ್ಟೇ. ಅದನ್ನು ಅಮೆರಿಕಕ್ಕೆ ಒಗ್ಗಿಸುವ ಕೆಲಸ ಗ್ರೆಗ್ ಡೇನಿಯಲ್ಸ್ ಅವರದ್ದು. ಊರು ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಆಯಿತು, ಪೇಪರ್ ಮಾರುವ ಕಂಪನಿ ಡಂಡರ್ ಮಿಫ್ಲಿನ್ ಆಯಿತು, ಬಾಸ್ ಡೇವಿಡ್ ಬ್ರೆಂಟ್ ಹೋಗಿ ಮೈಕೆಲ್ ಸ್ಕಾಟ್ ಬಂದ. ಆದರೆ ಮೊದಲ ಎಪಿಸೋಡಿನ ಮಾತು, ತಮಾಷೆ ಹೆಚ್ಚುಕಡಿಮೆ ಹಾಗೇ ಉಳಿದವು. ಡ್ವೈಟ್‌ನ ಸ್ಟೇಪ್ಲರನ್ನು ಪಕ್ಕದ ಮೇಜಿನ ಸೇಲ್ಸ್‌ಮನ್ ಜಿಮ್ ಜೆಲ್ಲಿಯೊಳಗೆ ಹುದುಗಿಸಿಡುವ ಕೀಟಲೆ ಕೂಡ ಬ್ರಿಟನ್ನಿನದ್ದೇ.

ಅದೇ ಎಪಿಸೋಡಿನ ಕೊನೆಯ ಹೊತ್ತಿನ ದೃಶ್ಯ ನೆನಪು ಮಾಡಿಕೊಳ್ಳಿ. ಹೊಸದಾಗಿ ಸೇರಿದ ಹುಡುಗನ ಮುಂದೆ ಜಂಬ ಕೊಚ್ಚಲು ಮೈಕೆಲ್ ರಿಸೆಪ್ಷನಿಸ್ಟ್ ಪ್ಯಾಮ್‌ಳನ್ನು ಕರೆಯುತ್ತಾನೆ. ಆಫೀಸಿನ ಅಂಟುಚೀಟಿ ಕದ್ದಿದ್ದೀಯ, ಕೆಲಸದಿಂದ ತೆಗೆದಿದ್ದೇನೆ ಅನ್ನುತ್ತಾನೆ. ಸುಮ್ನೆ ತಮಾಷೆಗೆ! ಅವಳು ಅಳುತ್ತಾಳೆ. ಆಮೇಲೆ ಇವನು ನಗುತ್ತಾನೆ, ಬೇರೆ ಯಾರೂ ನಗುವುದಿಲ್ಲ. ಬ್ರಿಟನ್ನಿನ ಬ್ರೆಂಟ್ ಕೂಡ ತನ್ನ ರಿಸೆಪ್ಷನಿಸ್ಟ್‌ಗೆ ಇದನ್ನೇ ಮಾಡಿದ್ದ. ಆದರೆ ಬ್ರೆಂಟ್‌ನನ್ನು ನಾವು ಸಹಿಸಿಕೊಳ್ಳಬೇಕಾಗಿದ್ದು ಹನ್ನೆರಡು ಎಪಿಸೋಡ್ ಮಾತ್ರ. ಎರಡನೇ ಸರಣಿಯ ಕೊನೆಗೆ ಅವನ ಕೆಲಸವೇ ಹೋಗುತ್ತದೆ. ಅಮೆರಿಕದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಆಗ ಧಾರಾವಾಹಿ ಓಡಿದರೆ ವರ್ಷಕ್ಕೆ ಇಪ್ಪತ್ತಕ್ಕೂ ಜಾಸ್ತಿ ಎಪಿಸೋಡ್, ಎಷ್ಟೋ ವರ್ಷ. ಇಂಥ ಮನುಷ್ಯನನ್ನು ವಾರವಾರ ಮನೆಯೊಳಗೆ ಕರೆದು ಕೂರಿಸಿಕೊಳ್ಳುವವರು ಯಾರು? ಮೊದಲ ಸೀಸನ್ನಿನ ತೊಡಕು ಇರುವುದು ಇಲ್ಲೇ. ಮೈಕೆಲ್ ಪಾತ್ರ ಮಾಡಿದ ಸ್ಟೀವ್ ಕ್ಯಾರೆಲ್ ನಟನೆಯಲ್ಲಿ ಕೊರತೆ ಇಲ್ಲ. ಸ್ವಲ್ಪ ದಿನಕ್ಕೆ ಅಂತ ಹೆಣೆದ ಪಾತ್ರವನ್ನು ಬಹಳ ದಿನ ಓಡಬೇಕಾದ ಧಾರಾವಾಹಿಗೆ ತಂದು ಕೂರಿಸಿದ್ದರು.

ಜೊತೆಗೆ ಹಿನ್ನೆಲೆಯಲ್ಲಿ ನಗುವಿನ ಸದ್ದಿಲ್ಲ. ಸಾಕ್ಷ್ಯಚಿತ್ರ ತೆಗೆಯುವವರ ಹಾಗೆ ಅಲುಗುವ ಕ್ಯಾಮೆರಾ. ಮಂಕು ಬೆಳಕು. ಹಿಂದಿನ ವರ್ಷ ತಾನೇ ಅದೇ ಚಾನೆಲ್‌ನಲ್ಲಿ ‘ಫ್ರೆಂಡ್ಸ್’ ಮುಗಿದಿತ್ತು. ಎಲ್ಲಿ ನಗಬೇಕು ಅಂತ ಹೇಳಿಕೊಡುವ ಕಾರ್ಯಕ್ರಮಕ್ಕೆ ಒಗ್ಗಿದವರಿಗೆ ಇದು ಕಷ್ಟವೇ.

ಹಾಗಾದರೆ ಬಿಡಬೇಡಿ ಅಂದಿದ್ದು ಯಾಕೆ? ಮುಖ್ಯವಾಗಿ ಎರಡನೇ ಎಪಿಸೋಡ್ ‘ಡೈವರ್ಸಿಟಿ ಡೇ’ಗಾಗಿ. ನನ್ನ ಲೆಕ್ಕದಲ್ಲಿ ಒಂಬತ್ತೂ ಸೀಸನ್ ಸೇರಿಸಿದರೂ ಮೇಲಿನ ಸಾಲಿನಲ್ಲಿ ನಿಲ್ಲುವಂಥದ್ದು. ಬರೆದವರು ಬಿ. ಜೆ. ನೋವಾಕ್, ಹೊಸ ಹುಡುಗ ರಯಾನ್ ಪಾತ್ರ ಮಾಡಿದವರೇ. ಕಪ್ಪು ಜನಾಂಗದ ಹಾಸ್ಯಗಾರ ಕ್ರಿಸ್ ರಾಕ್‌ನ ಒಂದು ಪ್ರದರ್ಶನವನ್ನು ಮೈಕೆಲ್ ಆಫೀಸಿನಲ್ಲಿ ಮಿಮಿಕ್ರಿ ಮಾಡಿರುತ್ತಾನೆ, ದೂರು ಹೋಗಿರುತ್ತದೆ. ಎಲ್ಲರಿಗೂ ಬುದ್ಧಿ ಹೇಳಲು ಮಿಸ್ಟರ್ ಬ್ರೌನ್ ಅನ್ನುವವರು ಬರುತ್ತಾರೆ. ಕೊನೆಗೆ ಎಲ್ಲರೂ ಒಂದು ಕಾಗದಕ್ಕೆ ಸಹಿ ಹಾಕಬೇಕು. ನಿಜವಾಗಿ ಬೇಕಾಗಿದ್ದು ಮೈಕೆಲ್‌ನ ಸಹಿ ಒಂದೇ, ಉಳಿದವರದ್ದು ಅವನ ಮರ್ಯಾದೆ ಉಳಿಸಲು. ಅವನು ಹಾಕುವ ಸಹಿ ‘ಡ್ಯಾಫಿ ಡಕ್’, ಅಂದರೆ ಒಂದು ಕಾರ್ಟೂನ್ ಬಾತುಕೋಳಿಯ ಹೆಸರು!

ಇಷ್ಟಕ್ಕೇ ಬಿಡುವವನಲ್ಲ. ತಾನೇ ಒಂದು ತರಬೇತಿ ಮಾಡುತ್ತಾನೆ. ಒಬ್ಬೊಬ್ಬರ ಹಣೆಗೂ ಒಂದೊಂದು ಜನಾಂಗದ ಹೆಸರಿನ ಚೀಟಿ ಅಂಟಿಸಿ, ಎದುರಿನವರು ಆ ಜನರನ್ನು ಹೇಗೆ ಕಾಣುತ್ತಾರೋ ಹಾಗೆ ಮಾತಾಡಬೇಕು ಅನ್ನುತ್ತಾನೆ. ಯಾರಿಗೂ ಬಾಯಿ ಬರುವುದಿಲ್ಲ. ಆಗ ಅದೇ ಆಫೀಸಿನ ಕೆಲ್ಲಿ ಕಪೂರ್ ಒಳಗೆ ಬರುತ್ತಾಳೆ. ಮೈಕೆಲ್ ಅವಳ ಮುಖದ ಮುಂದೆಯೇ ಭಾರತೀಯ ಅಂಗಡಿಯವನ ಉಚ್ಚಾರಣೆ ಅಣಕಿಸುತ್ತಾನೆ. ಕೆಲ್ಲಿ ಕೆನ್ನೆಗೆ ಒಂದು ಬಾರಿಸುತ್ತಾಳೆ. ಏಟು ತಿಂದ ಮೈಕೆಲ್‌ಗೆ ಕಣ್ಣು ತುಂಬಿಬಂದಿದೆ, ಆದರೂ ತನ್ನ ಪಾಠ ಗೆದ್ದಿತು ಅಂತಲೇ ನಂಬುತ್ತಾನೆ. ಅಲ್ಪಸಂಖ್ಯಾತರ ಕಷ್ಟ ಏನು ಅಂತ ಅವಳಿಗೆ ಈಗ ಗೊತ್ತಾಯಿತಂತೆ! ಭಾರತೀಯ ಹುಡುಗಿಗೆ ಇವನು ಹೇಳಿಕೊಡಬೇಕು, ಅಲ್ವಾ? ಕೆಲ್ಲಿ ಪಾತ್ರ ಮಾಡಿದ ಮಿಂಡಿ ಕೇಲಿಂಗ್ ಭಾರತೀಯ ಮೂಲದವರು, ಈ ಧಾರಾವಾಹಿಯ ಬರಹಗಾರರಲ್ಲೂ ಒಬ್ಬರು.

ಈ ಗಲಾಟೆಯ ನಡುವೆ ಜಿಮ್‌ಗೆ ದೊಡ್ಡ ಏಟು ಬಿದ್ದಿರುತ್ತದೆ. ಅವನ ವರ್ಷದ ಕಮಿಷನ್‌ನಲ್ಲಿ ಕಾಲು ಭಾಗ ತರುವ ಗಿರಾಕಿಯನ್ನು ಡ್ವೈಟ್ ಹಾರಿಸಿಕೊಂಡು ಹೋಗಿರುತ್ತಾನೆ. ಆದರೆ ತರಬೇತಿಯ ಕೊನೆಗೆ ಪಕ್ಕದಲ್ಲಿ ಕೂತ ಪ್ಯಾಮ್ ನಿದ್ದೆ ಹತ್ತಿ ಅವನ ಭುಜದ ಮೇಲೆ ತಲೆ ಇಟ್ಟುಬಿಡುತ್ತಾಳೆ. ಪ್ಯಾಮ್‌ಗೆ ಗೋಡೌನಿನ ರಾಯ್ ಜೊತೆ ಮದುವೆ ನಿಶ್ಚಯವಾಗಿದೆ ಅನ್ನುವುದು ಜಿಮ್‌ಗೆ ಗೊತ್ತು. ಆದರೂ ಕ್ಯಾಮೆರಾ ಕಡೆ ತಿರುಗಿ, ದಿನ ಅಷ್ಟೇನೂ ಕೆಟ್ಟದಾಗಿರಲಿಲ್ಲ ಅಂತಾನೆ. ಎರಡನೇ ಸೀಸನ್ನಿನಲ್ಲಿ ನೀವು ಈ ಇಬ್ಬರಿಗಾಗಿ ಚಡಪಡಿಸುವುದಕ್ಕೆ ಬೀಜ ಬಿದ್ದಿದ್ದು ಇಲ್ಲಿ. ಇದನ್ನು ನೋಡದೆ ಮುಂದೆ ಹೋದರೆ ಕಥೆ ಅರ್ಥವಾಗುತ್ತದೆ, ಆದರೆ ಆ ಚಡಪಡಿಕೆ ಅಷ್ಟಾಗಿ ಹತ್ತುವುದಿಲ್ಲ.

ಉಳಿದ ನಾಲ್ಕರಲ್ಲಿ ‘ಹೆಲ್ತ್ ಕೇರ್’ ನಮ್ಮವರಿಗೆ ಸ್ವಲ್ಪ ದೂರ ಅನ್ನಿಸಬಹುದು. ಅಮೆರಿಕದಲ್ಲಿ ಆರೋಗ್ಯ ವಿಮೆ ಬಹಳಷ್ಟು ಜನಕ್ಕೆ ಸಿಗುವುದೇ ಕಂಪನಿಯ ಮೂಲಕ. ಅದನ್ನು ಕಡಿತ ಮಾಡುವ ಕೆಟ್ಟ ಕೆಲಸವನ್ನು ಮೈಕೆಲ್ ಮೆಲ್ಲಗೆ ಡ್ವೈಟ್ ತಲೆಗೆ ಕಟ್ಟುತ್ತಾನೆ ಅನ್ನುವುದು ಗೊತ್ತಿದ್ದರೆ ಸಾಕು. ‘ದಿ ಅಲೈಯನ್ಸ್’, ‘ಬಾಸ್ಕೆಟ್‌ಬಾಲ್’ ಆರಾಮಾಗಿ ನೋಡಿಸಿಕೊಂಡು ಹೋಗುತ್ತವೆ. ಕೊನೆಯ ‘ಹಾಟ್ ಗರ್ಲ್’ನಲ್ಲಿ ಬ್ಯಾಗ್ ಮಾರಲು ಬರುವ ಹುಡುಗಿಯಾಗಿ ನಟಿಸಿದವರು ಏಮಿ ಆಡಮ್ಸ್, ಆಗಿನ್ನೂ ಅಷ್ಟು ಹೆಸರಾಗಿರಲಿಲ್ಲ. ಆ ಹುಡುಗಿ ಎರಡನೇ ಸೀಸನ್ನಿಗೂ ಬರುತ್ತಾಳೆ. ಸಿಬ್ಬಂದಿ ಕಡಿತದ ಭಯವೂ ಮೊದಲ ದಿನ ಶುರುವಾಗಿ ಎರಡನೇ ಸೀಸನ್ನಿನ ‘ಹ್ಯಾಲೋವೀನ್’ ತನಕ ಬೆನ್ನು ಬಿಡುವುದಿಲ್ಲ.

ಇನ್ನು ಬದಲಾವಣೆ. 2005ರ ಆಗಸ್ಟ್‌ನಲ್ಲಿ ಕ್ಯಾರೆಲ್ ನಾಯಕನಾಗಿದ್ದ ‘ದಿ 40 ಇಯರ್ ಓಲ್ಡ್ ವರ್ಜಿನ್’ ಸಿನಿಮಾ ಬಂತು, ಚೆನ್ನಾಗಿ ಓಡಿತು. ಪೆದ್ದನಾದರೂ ಒಳ್ಳೆಯವನು ಅನ್ನಿಸುವ ಮನುಷ್ಯನಾಗಿ ಜನ ಅವರನ್ನು ಇಷ್ಟಪಟ್ಟರು. ಆ ಗುಣ ಮೈಕೆಲ್‌ಗೂ ಬಂತು. ಎಣ್ಣೆ ಹಾಕಿ ಹಿಂದಕ್ಕೆ ಬಾಚಿದಂಥ ಕೂದಲು ಕೂಡ ಹೋಯಿತು. ನನಗೆ ಕೇಳಿದರೆ ಅರ್ಧ ಕಿರಿಕಿರಿ ಆ ಕೂದಲಿನದ್ದೇ.

ಸೆಪ್ಟೆಂಬರ್‌ನಲ್ಲಿ ಬಂದ ಎರಡನೇ ಸೀಸನ್ನಿನ ಮೊದಲ ಎಪಿಸೋಡ್ ‘ದಿ ಡಂಡೀಸ್’ ನೋಡಿ. ಬರೆದವರು ಮಿಂಡಿ ಕೇಲಿಂಗ್. ಮೈಕೆಲ್ ಹೋಟೆಲಿನಲ್ಲಿ ಸಿಬ್ಬಂದಿಗೆಲ್ಲ ಅಸಂಬದ್ಧ ಪ್ರಶಸ್ತಿ ಹಂಚುತ್ತಿದ್ದಾನೆ, ಹಾಡುತ್ತಿದ್ದಾನೆ, ಎಲ್ಲರಿಗೂ ಮುಜುಗರ. ಆಗ ಬೇರೆ ಟೇಬಲ್ಲಿನ ಯಾರೋ ಅಪರಿಚಿತರು ಅವನನ್ನು ಲೇವಡಿ ಮಾಡುತ್ತಾರೆ. ಮೈಕೆಲ್ ಕುಗ್ಗಿಹೋಗುತ್ತಾನೆ, ಕಾರ್ಯಕ್ರಮ ಮುಗಿಸಲು ಹೊರಡುತ್ತಾನೆ. ಅಷ್ಟೊತ್ತಿಗೆ ಕುಡಿದಿದ್ದ ಪ್ಯಾಮ್ ಹುರುಪಿನಿಂದ ಅವನ ಪರ ಗದ್ದಲ ಎಬ್ಬಿಸುತ್ತಾಳೆ, ಮಿಕ್ಕವರೂ ಸೇರಿಕೊಳ್ಳುತ್ತಾರೆ. ನಮ್ಮ ಬಾಸನ್ನು ನಾವು ಬೈಯಬಹುದು, ದಾರಿಹೋಕರು ಬೈಯುವುದು ಬೇಡ! ಅಲ್ಲಿಂದ ಮುಂದೆ ಮೈಕೆಲ್ ಮಾಡುವ ಅನಾಹುತಗಳೇನೂ ಕಮ್ಮಿಯಾಗುವುದಿಲ್ಲ. ಆದರೆ ನಾವು ಪ್ಯಾಮ್ ಇರುವ ಟೇಬಲ್ಲಿನಲ್ಲಿ ಕೂತು ನೋಡುತ್ತೇವೆ. ಈ ಸೀಸನ್ನಿಗೇ 2006ರಲ್ಲಿ ಅತ್ಯುತ್ತಮ ಹಾಸ್ಯ ಸರಣಿಯ ಎಮ್ಮಿ, ಅಂದರೆ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿ ಬಂತು. ಮುಂದೆ ಧಾರಾವಾಹಿ 2013ರ ತನಕ, 201 ಎಪಿಸೋಡ್ ಓಡಿತು.

ಅಂಟುಚೀಟಿ ದೃಶ್ಯದಲ್ಲಿ ಅತ್ತವಳೂ ಇದೇ ಪ್ಯಾಮ್ ಅನ್ನುವುದು ಗೊತ್ತಿದ್ದವರಿಗೆ ಡಂಡೀಸ್‌ನ ಆ ಗದ್ದಲ ಬೇರೆಯೇ ಥರ ತಟ್ಟುತ್ತದೆ.

ಹಾಗಾಗಿ ಹೀಗೆ ಮಾಡಿ. ಮೊದಲನೆಯದನ್ನು ಹೇಗೂ ನೋಡಿಯಾಗಿದೆ. ಇವತ್ತು ‘ಡೈವರ್ಸಿಟಿ ಡೇ’ ಒಂದನ್ನೇ ನೋಡಿ, ಹಿಂದೆಯೇ ಇನ್ನೊಂದು ಬೇಡ. ‘ಹೆಲ್ತ್ ಕೇರ್’ ಬೇಸರವಾದರೆ ಅಡುಗೆ ಮಾಡುತ್ತಾ ನೋಡಿ, ನಷ್ಟವಿಲ್ಲ. ‘ಹಾಟ್ ಗರ್ಲ್’ ಮತ್ತು ‘ದಿ ಡಂಡೀಸ್’ ಮಾತ್ರ ಒಂದೇ ಸಂಜೆಗೆ ಇಟ್ಟುಕೊಳ್ಳಿ. ಅದಾದ ಮೇಲೂ ಮೈಕೆಲ್ ಮೇಲೆ ಬರೀ ಸಿಟ್ಟೇ ಬಂದರೆ, ಧಾರಾಳವಾಗಿ ಬೇರೆ ಏನಾದರೂ ನೋಡಿ.