ಗಡಿ ದಾಟುವ ಹೈಡ್ರೋಜನ್: ಕೊಳವೆಗಿಂತ ಕರಾರೇ ಕಷ್ಟ

ನೆರೆಹೊರೆಯ ದೇಶಗಳು ಹೈಡ್ರೋಜನ್ ಕೊಳವೆ ಮಾರ್ಗಕ್ಕೆ ಸಹಿ ಹಾಕಿದ ಸುದ್ದಿ ಬಂದಾಗಲೆಲ್ಲ ಜನ ನನ್ನನ್ನು ಕೇಳುವುದು ಒಂದೇ: ‘ಅಷ್ಟು ಹಗುರವಾದ ಅನಿಲ ಸೋರುವುದಿಲ್ಲವೇ?’ ಸೋರುತ್ತದೆ, ಉಕ್ಕನ್ನು ಪೆಡಸಾಗಿಸಿ ಬಿರುಕನ್ನೂ ಬೆಳೆಸುತ್ತದೆ. ಆದರೆ ಅನಿಲ ಜಾಲದ ಕೆಲಸದಲ್ಲಿರುವವರಿಗೆ ಇವು ಹಳೆಯ ತಲೆನೋವುಗಳು. ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಉತ್ತರ ಫ್ರಾನ್ಸ್‌ಗಳನ್ನು ಬೆಸೆದಿರುವ ಏರ್ ಲಿಕ್ವಿಡ್ ಕಂಪನಿಯ ಹೈಡ್ರೋಜನ್ ಕೊಳವೆಗಳು ದಶಕಗಳಿಂದ ಗಡಿ ದಾಟುತ್ತಿವೆ. ಅಲ್ಲಿ ಮಾರುವವರೂ ಸಾಗಿಸುವವರೂ ಒಬ್ಬರೇ, ಹಾಗಾಗಿ ತಕರಾರು ಕಡಿಮೆ. ಒಂದು ದೇಶದವರು ತಯಾರಿಸಿ, ಇನ್ನೊಬ್ಬರು ಸಾಗಿಸಿ, ಮತ್ತೊಂದು ದೇಶದವರು ಕೊಳ್ಳಬೇಕಾದಾಗ ನಿಜವಾದ ಕೆಲಸ ಶುರುವಾಗುತ್ತದೆ.

ಶುದ್ಧತೆಯನ್ನೇ ತೆಗೆದುಕೊಳ್ಳಿ. ನೀರನ್ನು ವಿದ್ಯುತ್ತಿನಿಂದ ಒಡೆದು, ಒಣಗಿಸಿ ಪಡೆದ ಹೈಡ್ರೋಜನ್ ಹೊರಬರುವಾಗ ಬಹಳ ಶುದ್ಧವಾಗಿಯೇ ಇರುತ್ತದೆ. ಅದು ಕೆಡುವುದು ದಾರಿಯಲ್ಲಿ. ವರ್ಷಾನುಗಟ್ಟಲೆ ನೈಸರ್ಗಿಕ ಅನಿಲ ಹರಿದ ಕೊಳವೆಯಲ್ಲಿ ಗಂಧಕದ ಅಂಶ, ಎಣ್ಣೆ, ದೂಳು ಉಳಿದಿರುತ್ತವೆ. ನೆಲದಡಿಯ ಉಪ್ಪಿನ ಗುಹೆಯಲ್ಲಿ ಸಂಗ್ರಹಿಸಿದರೆ ತೇವವೂ ಸೇರುತ್ತದೆ. ಆದ್ದರಿಂದ ಜರ್ಮನಿಯ ಅನಿಲ ಮಾನದಂಡದಲ್ಲಿ ಇಂಥ ಮರುಬಳಕೆಯ ಕೊಳವೆಗಳಿಗೆ ಶೇ 98ರ ದರ್ಜೆ ಇದೆ; ನೆದರ್‌ಲ್ಯಾಂಡ್ಸ್ ಒಲವು ಶೇ 99.5ರ ಕಡೆಗೆ. ಹೈಡ್ರೋಜನ್ನಿಂದ ವಿದ್ಯುತ್ತು ತಯಾರಿಸುವ ವಾಹನಗಳ ಇಂಧನ ಕೋಶಕ್ಕೆ ಬೇಕಾದದ್ದು ಶೇ 99.97, ಅದರಲ್ಲೂ ಕಾರ್ಬನ್ ಮೊನಾಕ್ಸೈಡ್ ಹತ್ತು ಲಕ್ಷದಲ್ಲಿ 0.2 ಭಾಗ ಮೀರುವಂತಿಲ್ಲ. ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆಗೆ ಇಷ್ಟೊಂದು ಮಡಿ ಬೇಕಿಲ್ಲ. ಹಾಗಾದರೆ ಶುದ್ಧೀಕರಣ ಘಟಕ ಗಡಿಯಲ್ಲಿರಬೇಕೇ, ಬಳಕೆದಾರರ ಗೇಟಿನಲ್ಲೇ? ಶುದ್ಧೀಕರಿಸುವಾಗ ಹೈಡ್ರೋಜನ್‌ನ ಒಂದಷ್ಟು ಪಾಲು ತ್ಯಾಜ್ಯ ಅನಿಲದ ಜತೆ ಹೋಗಿಬಿಡುತ್ತದೆ. ಆ ನಷ್ಟ ಯಾರ ಖಾತೆಗೆ? ಮಾತುಕತೆಯ ಮೇಜಿನಲ್ಲಿ ಹೆಚ್ಚು ಹೊತ್ತು ತಿನ್ನುವುದು ಇದೇ ಪ್ರಶ್ನೆ. ಪತ್ರಿಕಾ ಪ್ರಕಟಣೆಯಲ್ಲಿ ಮಾತ್ರ ಇದು ಎಂದೂ ಕಾಣಿಸದು.

ಇರುವ ನೈಸರ್ಗಿಕ ಅನಿಲಕ್ಕೇ ಬೆರೆಸಿ ಕಳಿಸಬಾರದೇ ಎನ್ನುವವರಿದ್ದಾರೆ. ನನಗದು ದುಂದಾಗಿ ಕಾಣುತ್ತದೆ. ಒಂದೇ ಗಾತ್ರದಲ್ಲಿ ಹೈಡ್ರೋಜನ್‌ಗೆ ಮೀಥೇನ್‌ನ ಸುಮಾರು ಮೂರನೇ ಒಂದರಷ್ಟೇ ಶಕ್ತಿ. ಗಾತ್ರದಲ್ಲಿ ಶೇ 20 ಬೆರೆಸಿದರೂ ಶಕ್ತಿಯ ಲೆಕ್ಕದಲ್ಲಿ ಸಿಗುವುದು ಶೇ 7ರಷ್ಟು.

ಇನ್ನು ‘ಹಸಿರು’, ಅಂದರೆ ನವೀಕರಿಸಬಹುದಾದ ವಿದ್ಯುತ್ತಿನಿಂದ ತಯಾರಾದದ್ದು, ಎಂಬ ಪ್ರಮಾಣಪತ್ರ. ಐರೋಪ್ಯ ಒಕ್ಕೂಟದ 2023ರ ನಿಯಮದಂತೆ ತಯಾರಿಕೆಗೆ ಬಳಸಿದ ವಿದ್ಯುತ್ತು ಮತ್ತು ನವೀಕರಿಸಬಹುದಾದ ಉತ್ಪಾದನೆ 2029ರ ಕೊನೆಯವರೆಗೆ ತಿಂಗಳ ಲೆಕ್ಕದಲ್ಲಿ ತಾಳೆಯಾದರೆ ಸಾಕು, 2030ರಿಂದ ಗಂಟೆಗಂಟೆಗೂ ತಾಳೆಯಾಗಬೇಕು. ಬಾರ್ಸಿಲೋನಾದಿಂದ ಸಮುದ್ರದಡಿ ಮಾರ್ಸೇಗೆ ಹೋಗಬೇಕಾದ ‘ಎಚ್‌2ಮೆಡ್’ ಕೊಳವೆಯನ್ನು ಸ್ಪೇನ್, ಪೋರ್ಚುಗಲ್, ಫ್ರಾನ್ಸ್ 2022ರ ಅಕ್ಟೋಬರ್‌ನಲ್ಲಿ ಘೋಷಿಸಿದವು, ಮುಂದಿನ ಜನವರಿಯಲ್ಲಿ ಜರ್ಮನಿಯೂ ಸೇರಿತು. ಅಷ್ಟರಲ್ಲೇ ಪರಮಾಣು ವಿದ್ಯುತ್ತಿನಿಂದ ತಯಾರಿಸಿದ ಹೈಡ್ರೋಜನ್ ಅದರಲ್ಲಿ ಹರಿಯಬಹುದೇ ಎಂಬ ವಿಷಯಕ್ಕೆ ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಜಟಾಪಟಿ ಎದ್ದಿತು. ಕೊಳವೆಯೊಳಗಿನ ಅಣುಗಳಿಗೆ ಹುಟ್ಟಿದ ಊರು ತಿಳಿಯದು, ಕಾಗದವೇ ಹೇಳಬೇಕು.

ಇಷ್ಟೆಲ್ಲ ಬಗೆಹರಿದರೂ ಕೊಳ್ಳುವವರಿಲ್ಲದಿದ್ದರೆ ಕೊಳವೆ ಖಾಲಿ. 2024ರ ಸೆಪ್ಟೆಂಬರ್‌ನಲ್ಲಿ ಈಕ್ವಿನಾರ್ ಕಂಪನಿ ನಾರ್ವೆಯಿಂದ ಜರ್ಮನಿಗೆ ಹೈಡ್ರೋಜನ್ ಸಾಗಿಸುವ ಯೋಜನೆ ಕೈಬಿಟ್ಟಿತು. ವೆಚ್ಚ ದೊಡ್ಡದು, ಬೇಡಿಕೆ ಸಾಲದು ಎಂಬುದು ಕಾರಣ. ಅಕ್ಟೋಬರ್‌ನಲ್ಲಿ ಡೆನ್ಮಾರ್ಕ್, ಜರ್ಮನಿಗೆ ಹೋಗಬೇಕಾದ ಕೊಳವೆಯ ತನ್ನ ಭಾಗ 2028ಕ್ಕೆ ಆಗದು, 2031ಕ್ಕೆ ಎಂದಿತು. ಅದೇ ತಿಂಗಳು ಜರ್ಮನಿ 9,040 ಕಿ.ಮೀ. ಉದ್ದದ ಹೈಡ್ರೋಜನ್ ಕೊಳವೆಗಳ ಮೂಲ ಜಾಲಕ್ಕೆ ಅನುಮೋದನೆ ಕೊಟ್ಟಿತ್ತು, ಅದರಲ್ಲಿ ಸುಮಾರು ಶೇ 60 ಹಳೆಯ ಅನಿಲ ಕೊಳವೆಗಳೇ.

ಈ ಎರಡು ನೆರೆಯವರ ಲೆಕ್ಕ ಬೇರೆ. ಜರ್ಮನಿಯಲ್ಲಿ ಆರಂಭದ ವರ್ಷಗಳಲ್ಲಿ ಬಳಕೆದಾರರ ಶುಲ್ಕಕ್ಕೆ ಮಿತಿ ಹಾಕಿ, ಕೊರತೆಯನ್ನು ಒಂದು ಖಾತೆಯಲ್ಲಿ ಬರೆದಿಡುತ್ತಾರೆ, 2055ರೊಳಗೆ ತೀರಿಸುವ ಅಂದಾಜು. ತೀರದಿದ್ದರೆ ಹೆಚ್ಚಿನ ಹೊರೆ ಸರ್ಕಾರದ್ದು. ಡೆನ್ಮಾರ್ಕ್‌ನಲ್ಲಿ ಕಂಪನಿಗಳು ಕೊಳವೆಯ ಒಂದು ಪಾಲನ್ನು ಮೊದಲೇ ಕಾಯ್ದಿರಿಸಿದರಷ್ಟೇ ಸರ್ಕಾರದ ನೆರವು. ಒಬ್ಬರು ಬೇಡಿಕೆ ಬರುವವರೆಗೆ ಸಾಲ ಹೊರಲು ಸಿದ್ಧರು, ಇನ್ನೊಬ್ಬರಿಗೆ ಬೇಡಿಕೆಯ ಗ್ಯಾರಂಟಿ ಮೊದಲು ಬೇಕು. ಎರಡೂ ನ್ಯಾಯವೇ. ಆದರೂ ಒಂದೇ ಕೊಳವೆಯ ಎರಡು ತುದಿಗಳ ನಷ್ಟ ಬೇರೆ ಬೇರೆ ಪುಸ್ತಕಗಳಲ್ಲಿ ಇರುವವರೆಗೆ ತಡವಾದ ತುದಿಯೇ ಇಡೀ ಕೊಳವೆಯ ವೇಳಾಪಟ್ಟಿಯನ್ನು ನಿರ್ಧರಿಸುತ್ತದೆ. ಜಂಟಿ ಖಾತೆ ತೆರೆಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಎರಡು ದೇಶಗಳ ಹಣಕಾಸು ಸಚಿವಾಲಯಗಳನ್ನು ಅದಕ್ಕೆ ಒಪ್ಪಿಸುವುದು ಮಾತ್ರ ಸಮುದ್ರದಡಿ ಕೊಳವೆ ಬೆಸೆಯುವುದಕ್ಕಿಂತ ನಿಧಾನದ ಕೆಲಸ.