ಮೂತಿಯ ಮೇಲೆ ಸ್ಟೆಪ್ನಿ: ಮುಂಭಾರದ ಲೆಕ್ಕ

ಹಳೆಯ ಫೋಕ್ಸ್‌ವ್ಯಾಗನ್ ಕೊಂಬಿ ವ್ಯಾನುಗಳ ಚಿತ್ರ ನೋಡಿದವರಿಗೆ ಕೆಲವದರ ದುಂಡು ಮೂತಿಯ ನಡುವೆ ಬಿಗಿದ ಸ್ಟೆಪ್ನಿ ಕಣ್ಣಿಗೆ ಬಿದ್ದೇ ಇರುತ್ತದೆ. ಎರಡು ಹೆಡ್‌ಲೈಟುಗಳ ಮಧ್ಯೆ, ರೆಕ್ಸಿನ್ ಹೊದಿಕೆ ತೊಟ್ಟು, ಗತ್ತಿನಿಂದ ಕುಳಿತಿರುತ್ತದೆ. ನಮ್ಮ ಲಾರಿಗೋ ಪಿಕಪ್‌ಗೋ ಹಾಗೆಯೇ ಒಂದು ಬ್ರಾಕೆಟ್ ವೆಲ್ಡ್ ಮಾಡಿಸಿಬಿಟ್ಟರೆ ಹೇಗೆ ಎಂಬ ಯೋಚನೆ ಬರುವುದು ಸಹಜ. ಅದಕ್ಕೆ ಮೂರು ಕಾರಣ ಕೊಡುತ್ತಾರೆ. ಸಾಮಾನಿಗೆ ಜಾಗ ಉಳಿಯುತ್ತದೆ. ಪಂಕ್ಚರ್ ಆದಾಗ ಚಾಸಿಯಡಿ ನುಸುಳಿ ಕೆಸರು ಮೆತ್ತಿದ ಸರಪಳಿ ಬಿಚ್ಚುವ ಗೋಳು ತಪ್ಪುತ್ತದೆ. ಮೂರನೆಯದು, ಎದುರಿನಿಂದ ಏನಾದರೂ ಗುದ್ದಿದರೆ ಮೊದಲ ಏಟು ತಿನ್ನುವುದು ರಬ್ಬರು, ಹಾಗಾಗಿ ಒಳಗಿದ್ದವರು ಬಚಾವು. ಮೊದಲ ಎರಡು ಮಾತು ನಿಜ. ಮೂರನೆಯದು ಪ್ರಾಣಕ್ಕೆ ಎರವಾಗುವ ನಂಬಿಕೆ. ಅದಕ್ಕೆ ಬರುವ ಮೊದಲು, ಈ ನೂರು ಕೆ.ಜಿ. ಚಕ್ರ ತೋರಿಸಿಕೊಡುವ ಒಂದು ಸೊಗಸಾದ ಲೆಕ್ಕವನ್ನು ಹೇಳಲೇಬೇಕು.

ಎತ್ತಿನಗಾಡಿ ಹೂಡಿ ಗೊತ್ತಿರುವವರಿಗೆ ಹಿಂಭಾರ, ಮುಂಭಾರ ಎಂದರೆ ಸಾಕು, ಉಳಿದದ್ದು ತಿಳಿಯುತ್ತದೆ. ಹೇರು ಅಚ್ಚಿನಿಂದ ಹಿಂದಕ್ಕೆ ಸರಿದರೆ ಮೂಕಿ ಮೇಲೇಳುತ್ತದೆ, ನೊಗಕ್ಕೆ ಕಟ್ಟಿದ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ. ಒಂದೆರಡು ಮೂಟೆಯನ್ನು ಮುಂದಕ್ಕೆ ತಂದರೆ ನೊಗ ಮತ್ತೆ ಹೆಗಲ ಮೇಲೆ ಕೂರುತ್ತದೆ. ಮೂಟೆಯ ತೂಕ ಬದಲಾಗಿಲ್ಲ, ಜಾಗ ಬದಲಾಗಿದೆ ಅಷ್ಟೆ. ಲಾರಿಯಲ್ಲಿ ಮುಂದಿನ ಆಕ್ಸಲ್ಲೇ ಆ ಅಚ್ಚು. ಅದರಾಚೆ ಮೂತಿಗೆ ನೇತುಹಾಕಿದ ಸ್ಟೆಪ್ನಿಯೇ ಹಿಂಭಾರ. ಮೇಲಕ್ಕೆತ್ತಿಸಿಕೊಳ್ಳುವ ನೊಗದ ಜಾಗದಲ್ಲಿರುವುದು ಹಿಂದಿನ ಆಕ್ಸಲ್.

ಅಂಕಿಗಳಲ್ಲಿ ನೋಡೋಣ. ಎರಡು ಆಕ್ಸಲ್‌ಗಳ ನಡುವಿನ ಅಂತರ 4.2 ಮೀಟರ್ ಇರುವ ಒಂದು ಲಾರಿ. ರಿಮ್, ಟೈರು, ಟ್ಯೂಬು ಎಲ್ಲ ಸೇರಿ ಅದರ ಸ್ಟೆಪ್ನಿ ಸುಮಾರು 100 ಕೆ.ಜಿ. ಅದನ್ನು ಮುಂದಿನ ಆಕ್ಸಲ್‌ನಿಂದ 1.4 ಮೀಟರ್ ಮುಂದೆ, ಬಂಪರಿನ ಮೇಲ್ಭಾಗದಲ್ಲಿ ತೂಗುಹಾಕಿದ್ದೇವೆ ಎಂದುಕೊಳ್ಳಿ. ಮುಂದಿನ ಆಕ್ಸಲ್ ಮೇಲೆ ಹೆಚ್ಚುವ ಭಾರ ಎಷ್ಟು? ನೂರು ಎಂದು ಹೇಳಿದರೆ ತಪ್ಪು. 1.4ನ್ನು 4.2ರಿಂದ ಭಾಗಿಸಿದರೆ ಮೂರನೇ ಒಂದು ಪಾಲು. ಆದ್ದರಿಂದ ಮುಂದಿನ ಆಕ್ಸಲ್‌ಗೆ ಬೀಳುವುದು 133 ಕೆ.ಜಿ. ಉಳಿದ 33 ಎಲ್ಲಿಂದ ಬಂತು? ಹಿಂದಿನ ಆಕ್ಸಲ್‌ನಿಂದ. ಅದು ಅಷ್ಟೇ ಹಗುರವಾಗುತ್ತದೆ. ಒಟ್ಟು ತೂಕ ನೂರೇ ಹೆಚ್ಚಿದೆ, ಆದರೆ ಮುಂದಿನದು ಹಿಂದಿನದರಿಂದ ಕಿತ್ತುಕೊಂಡು ಹೊತ್ತಿದೆ.

ಇನ್ನೂ ಮಜವಾದ ಸಂಗತಿ ಇದೆ. ಆ ಸ್ಟೆಪ್ನಿ ಮೊದಲು ಹಿಂದಿನ ಆಕ್ಸಲ್‌ನಿಂದ 1.4 ಮೀಟರ್ ಹಿಂದೆ ಚಾಸಿಯಡಿ ತೂಗುತ್ತಿತ್ತು ಎಂದಿಟ್ಟುಕೊಳ್ಳಿ. ಆಗ ಅದು ಮುಂದಿನ ಆಕ್ಸಲ್‌ನಿಂದ 33 ಕೆ.ಜಿ. ಎತ್ತಿ ಹಿಡಿದಿತ್ತು. ಈಗ ಅದನ್ನು ಬಿಚ್ಚಿ ಮೂತಿಗೆ ತಂದರೆ, ಒಂದು ಆಕ್ಸಲ್‌ನಿಂದ ಇನ್ನೊಂದಕ್ಕೆ ವರ್ಗವಾಗುವ ಭಾರ 166 ಕೆ.ಜಿ.ಗಿಂತ ಹೆಚ್ಚು. ನೂರು ಕೆ.ಜಿ. ವಸ್ತುವನ್ನು ಸರಿಸಿ ನೂರಕ್ಕಿಂತ ಹೆಚ್ಚು ಭಾರವನ್ನು ಸರಿಸಬಹುದು! ಹಲವು ಟನ್ ಹೊರುವ ಆಕ್ಸಲ್‌ಗೆ ಇದು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಮೂತಿಯಲ್ಲಿ ಜಾಗ ಸಿಕ್ಕಿತೆಂದು ಸ್ಟೆಪ್ನಿಯ ಜೊತೆಗೆ ದಪ್ಪ ಕಬ್ಬಿಣದ ಗಾರ್ಡು, ಜಾಕು, ಪಾನಾ ಪೆಟ್ಟಿಗೆ ಎಲ್ಲ ಸೇರುತ್ತಾ ಹೋಗುತ್ತವೆ. ಪ್ರತಿಯೊಂದಕ್ಕೂ ಈ ಮೂರನೇ ಒಂದು ಪಾಲಿನ ಬಡ್ಡಿ ಕಟ್ಟಲೇಬೇಕು. ಖಾಲಿ ಪಿಕಪ್ ಮಳೆಯಲ್ಲಿ ಬ್ರೇಕ್ ಹಾಕಿದಾಗ ಹಿಂಬದಿ ಜಾರುವುದು ಚಾಲಕರಿಗೆಲ್ಲ ಗೊತ್ತು. ಆ ಹಿಂಬದಿಯನ್ನು ಇನ್ನಷ್ಟು ಹಗುರ ಮಾಡುವುದು ಜಾಣತನವಲ್ಲ.

ಲೆಕ್ಕ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದೇ ಮೂರನೇ ಒಂದು ಪಾಲು ಇನ್ನೊಂದು ಕಡೆ, ಸಂಬಂಧವೇ ಇಲ್ಲವೆನ್ನಿಸುವ ಜಾಗದಲ್ಲಿ, ಮತ್ತೆ ತಲೆ ಎತ್ತುತ್ತದೆ. ಮುಂದಿನ ಚಕ್ರ ರಸ್ತೆಯುಬ್ಬಿನ ಮೇಲೆ ಹತ್ತಿದಾಗ ಆಕ್ಸಲ್ ನೇರಕ್ಕಿರುವ ಚಾಸಿ 6 ಸೆಂಟಿಮೀಟರ್ ಮೇಲೆದ್ದಿತು, ಹಿಂದಿನ ಚಕ್ರ ಇನ್ನೂ ಸಮತಟ್ಟಿನಲ್ಲಿದೆ ಎನ್ನಿ. ಲಾರಿ ಹಿಂದಿನ ಆಕ್ಸಲ್ಲನ್ನು ಕೇಂದ್ರವಾಗಿಸಿಕೊಂಡು ವಾಲುತ್ತದೆ. ಮೂತಿಯಲ್ಲಿರುವ ಸ್ಟೆಪ್ನಿ ಆ ಕೇಂದ್ರದಿಂದ 5.6 ಮೀಟರ್ ದೂರದಲ್ಲಿದೆ, ಆಕ್ಸಲ್ ಇರುವುದು 4.2 ಮೀಟರ್ ದೂರದಲ್ಲಿ. ಹಾಗಾಗಿ ಸ್ಟೆಪ್ನಿ ಮೇಲೇಳುವುದು 8 ಸೆಂಟಿಮೀಟರ್. ಆರಕ್ಕೆ ಎಂಟು, ಅಂದರೆ ಒಂದು ಮತ್ತು ಮೂರನೇ ಒಂದು. ನೂರಕ್ಕೆ 133 ಬಂದದ್ದೂ ಇದೇ ಅನುಪಾತ. ಇದು ಕಾಕತಾಳೀಯವಲ್ಲ. ಆಕ್ಸಲ್ಲನ್ನು 6 ಸೆಂಟಿಮೀಟರ್ ಎತ್ತುವ ಬಲ ಮಾಡುವ ಕೆಲಸವೂ ಸ್ಟೆಪ್ನಿ 8 ಸೆಂಟಿಮೀಟರ್ ಏರಲು ಬೇಕಾದ ಕೆಲಸವೂ ಸಮನಾಗಲೇಬೇಕು. 133ನ್ನು 6ರಿಂದ ಗುಣಿಸಿ, 100ನ್ನು 8ರಿಂದ ಗುಣಿಸಿ: ಎರಡೂ 800ರ ಹತ್ತಿರ ಬಂದು ನಿಲ್ಲುತ್ತವೆ. ಸನ್ನೆಕೋಲಿನ ನಿಯಮವನ್ನು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಸಿರಾಕ್ಯೂಸ್‌ನ ಆರ್ಕಿಮಿಡೀಸ್ ತೂಕದ ಸಮತೋಲನದಿಂದ ಸಾಧಿಸಿದ. ಚಲನೆಯ ಕಡೆಯಿಂದ ಬಂದರೂ ಅದೇ ನಿಯಮ ಸಿಗುತ್ತದೆ ಎಂಬುದಕ್ಕೆ ಸಾಮಾನ್ಯ ರೂಪ ಕೊಟ್ಟವನು 18ನೇ ಶತಮಾನದ ಆರಂಭದಲ್ಲಿದ್ದ ಸ್ವಿಟ್ಜರ್ಲೆಂಡಿನ ಗಣಿತಜ್ಞ ಯೋಹಾನ್ ಬರ್ನೂಲಿ. ಒಂದೇ ಬಾಗಿಲಿಗೆ ಎರಡು ದಾರಿ. ವಿಜ್ಞಾನದಲ್ಲಿ ನನಗೆ ಇದಕ್ಕಿಂತ ಹೆಚ್ಚು ಖುಷಿ ಕೊಡುವ ಸಂಗತಿಗಳು ಕಡಿಮೆ.

ಈ ಎಂಟು ಸೆಂಟಿಮೀಟರಿನ ಕುಣಿತವೇ ಬ್ರಾಕೆಟ್ಟಿನ ಶತ್ರು. ವೆಲ್ಡಿಂಗ್ ಅಂಗಡಿಯಲ್ಲಿ ಬ್ರಾಕೆಟ್ ಕೂರಿಸಿದ ಮೇಲೆ ಒಬ್ಬಿಬ್ಬರು ಅದರ ಮೇಲೆ ಹತ್ತಿ ಜಗ್ಗಿ, ‘ಅಲುಗುವುದಿಲ್ಲ, ಆನೆ ಕಟ್ಟಬಹುದು’ ಎಂದು ಭರವಸೆ ಕೊಡುತ್ತಾರೆ. ಆ ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲ. ಉಕ್ಕು ಒಂದು ದೊಡ್ಡ ಭಾರಕ್ಕೆ ಮುರಿಯುವ ರೀತಿಯೇ ಬೇರೆ, ಸಣ್ಣ ಭಾರ ಲಕ್ಷಾಂತರ ಸಲ ಬಂದು ಹೋದಾಗ ಮುರಿಯುವ ರೀತಿಯೇ ಬೇರೆ.

ಇದನ್ನು ಜಗತ್ತು ಕಲಿತದ್ದು ಬಹಳ ದುಬಾರಿ ಬೆಲೆ ತೆತ್ತು. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲಿನ ಮುಂದಿನ ಎಂಜಿನ್ನಿನ ಅಚ್ಚು ಮುರಿಯಿತು. ಬೋಗಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ದಕ್ಷಿಣ ಧ್ರುವ ಪ್ರದೇಶದವರೆಗೆ ಹೋಗಿ ಕ್ಷೇಮವಾಗಿ ಮರಳಿದ್ದ ನಾವಿಕ ಡ್ಯೂಮಾಂ ಡರ್ವಿಲ್ ಕೂಡ ಹೆಂಡತಿ, ಮಗನೊಂದಿಗೆ ಅಲ್ಲೇ ತೀರಿಕೊಂಡ. ಅಲುಗಾಟಕ್ಕೆ ಸಿಕ್ಕಿ ಕಬ್ಬಿಣ ಒಳಗೊಳಗೇ ಹರಳುಗಟ್ಟುತ್ತದೆ, ಆಮೇಲೆ ಪಟ್ಟನೆ ಮುರಿಯುತ್ತದೆ ಎಂಬುದು ಆ ಕಾಲದ ಹಲವು ಎಂಜಿನಿಯರುಗಳ ನಂಬಿಕೆ. ಸ್ಕಾಟ್ಲೆಂಡಿನ ತರುಣ ಎಂಜಿನಿಯರ್ ವಿಲಿಯಂ ರ‍್ಯಾಂಕಿನ್ ಮುರಿದ ಅಚ್ಚುಗಳನ್ನು ಪರಿಶೀಲಿಸಿ, ಅಚ್ಚಿನ ದಪ್ಪ ಬದಲಾಗುವ ಮೂಲೆಯಲ್ಲಿ ಹುಟ್ಟಿದ ಬಿರುಕು ಮೆಲ್ಲಗೆ ಒಳಕ್ಕೆ ಬೆಳೆಯುತ್ತದೆ ಎಂದು 1843ರಲ್ಲೇ ತೋರಿಸಿದ. ಮುಂದೆ ಪ್ರಷ್ಯಾದ ರೈಲ್ವೆ ಎಂಜಿನಿಯರ್ ಔಗುಸ್ಟ್ ವೋಲರ್ ವರ್ಷಗಟ್ಟಲೆ ಅಚ್ಚುಗಳನ್ನು ಯಂತ್ರದಲ್ಲಿ ತಿರುಗಿಸಿ ಬಾಗಿಸಿ, ಭಾರ ಎಷ್ಟು ಎಂಬುದಕ್ಕಿಂತ ಅದು ಎಷ್ಟರ ಮಟ್ಟಿಗೆ, ಎಷ್ಟು ಸಲ ಏರಿಳಿಯುತ್ತದೆ ಎಂಬುದೇ ಮುಖ್ಯ ಎಂದು ಸಾಧಿಸಿದ.

ಮೂತಿಯ ಬ್ರಾಕೆಟ್ಟಿನಲ್ಲಿ ರ‍್ಯಾಂಕಿನ್ ಹೇಳಿದ ಆ ಮೂಲೆ ಎಂದರೆ ವೆಲ್ಡಿನ ಅಂಚು. ಬ್ಯಾಟರಿ ಹಿಡಿದು ಅಲ್ಲಿ ನೋಡಬೇಕು. ಮೊದಲು ಬಣ್ಣದಲ್ಲಿ ಕೂದಲೆಳೆಯಷ್ಟು ಸೀಳು ಕಾಣುತ್ತದೆ. ಆ ಸೀಳಿನಿಂದ ಕೆಳಕ್ಕೆ ಕೆಂಗಂದು ಪುಡಿ ಇಳಿದ ಗೆರೆ ಇರುತ್ತದೆ. ಬಿರುಕಿನ ಎರಡು ಮುಖಗಳು ಒಂದಕ್ಕೊಂದು ಉಜ್ಜಿ ಹೊರಹಾಕಿದ ತುಕ್ಕಿನ ಹುಡಿ ಅದು. ಅಷ್ಟು ಕಂಡರೆ ಮತ್ತೆ ಅದರ ಮೇಲೆಯೇ ವೆಲ್ಡ್ ಎಳೆಸುವುದರಲ್ಲಿ ಅರ್ಥವಿಲ್ಲ. ಕಳಚಿದ ಚಕ್ರ ಬೀಳುವುದು ನಮ್ಮದೇ ಮುಂದಿನ ಚಕ್ರದ ದಾರಿಗೆ.

ಈಗ ಆ ಮೂರನೆಯ ಮಾತು, ರಬ್ಬರಿನ ರಕ್ಷಾಕವಚ. ಈ ನಂಬಿಕೆ ಹುಟ್ಟಿದ್ದು ದೋಣಿಗಳ ಬಂದರಿನಲ್ಲಿರಬಹುದು. ಮಲ್ಪೆಯಲ್ಲೋ ಮಂಗಳೂರಿನಲ್ಲೋ ದೋಣಿಗಳ ಪಕ್ಕೆಗೆ ಹಳೆಯ ಟೈರು ಕಟ್ಟಿರುವುದನ್ನು ಕಾಣದವರಾರು? ದೋಣಿ ಕಟ್ಟೆಗೆ ತಾಗಿದರೂ ಏನೂ ಆಗುವುದಿಲ್ಲ. ಆದರೆ ಆ ಟೈರಿನೊಳಗೆ ರಿಮ್ ಇಲ್ಲ ಎಂಬುದನ್ನು ಗಮನಿಸಿದವರು ಕಡಿಮೆ. ಬರಿಯ ರಬ್ಬರಿನ ಬಳೆ ಅದು, ಒತ್ತಿದರೆ ಚಪ್ಪಟೆಯಾಗುತ್ತದೆ. ವೇಗವೂ ತೀರಾ ಕಡಿಮೆ. ಹತ್ತು ಟನ್ ದೋಣಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ತಾಗಿದಾಗ ಅರಗಿಸಬೇಕಾದ ಶಕ್ತಿ 1,250 ಜೂಲ್. ಅದೇ ಹತ್ತು ಟನ್ನಿನ ಲಾರಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಸುಮಾರು 13 ಲಕ್ಷ 90 ಸಾವಿರ ಜೂಲ್. ವೇಗ 33 ಪಟ್ಟು, ಶಕ್ತಿ ಸಾವಿರ ಪಟ್ಟಿಗೂ ಮಿಕ್ಕಿ.

ಸ್ಟೆಪ್ನಿ ಎಂದರೆ ಬರಿಯ ಟೈರಲ್ಲ, ನಡುವೆ ಉಕ್ಕಿನ ರಿಮ್ ಇರುವ ಇಡೀ ಚಕ್ರ. ಮೂತಿಗೆ ಮಲಗಿಸಿ ಬಿಗಿದಾಗ ಟೈರಿನ ಪಕ್ಕೆ ರಿಮ್ಮಿನ ಅಂಚಿಗಿಂತ ಎಷ್ಟು ಮುಂದಕ್ಕೆ ಉಬ್ಬಿರುತ್ತದೆ? ವ್ಯಾನಿನ ಚಕ್ರವಾದರೆ ಎರಡು ಮೂರು ಸೆಂಟಿಮೀಟರ್. ಅಷ್ಟು ಮೆತ್ತಗಿನ ದಾರಿ ಮುಗಿದ ಕೂಡಲೇ ಉಕ್ಕಿನ ಸರದಿ. ಎದುರಿನ ವಸ್ತು ರಿಮ್ಮನ್ನು, ರಿಮ್ ಬ್ರಾಕೆಟ್ಟನ್ನು, ಬ್ರಾಕೆಟ್ ತಗಡನ್ನು ತಳ್ಳುತ್ತಾ ಬರುತ್ತದೆ. ಆ ತಗಡಿನ ಹಿಂದೆ ಇರುವುದು ಚಾಲಕನ ಮೊಣಕಾಲು. ಇನ್ನೊಂದು ದೋಷವೂ ಇದೆ: ಗಾಳಿ ತುಂಬಿದ ರಬ್ಬರು ಪಡೆದ ಶಕ್ತಿಯಲ್ಲಿ ಬಹುಪಾಲನ್ನು ವಾಪಸು ಕೊಡುತ್ತದೆ. ಡಿಕ್ಕಿಯಲ್ಲಿ ಬೇಕಾದದ್ದು ಪುಟಿಯುವ ವಸ್ತುವಲ್ಲ, ಮುದುಡಿ ಮುದ್ದೆಯಾಗಿ ಹಾಗೇ ಉಳಿಯುವ ವಸ್ತು. ಬೇಲಾ ಬರೇನಿ ಎಂಬ ಎಂಜಿನಿಯರ್ ಮರ್ಸಿಡಿಸ್ ಬೆಂಜ್ ಕಂಪನಿಯಲ್ಲಿದ್ದಾಗ ಪೇಟೆಂಟ್ ಪಡೆದದ್ದು ಇದೇ ವಿಚಾರಕ್ಕೆ. 1959ರಲ್ಲಿ ಅಂಥ ಮುದುಡುವ ಮೂತಿಯ ಕಾರು ಮಾರುಕಟ್ಟೆಗೆ ಬಂತು. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ 60 ಸೆಂಟಿಮೀಟರ್ ಮುದುಡಿ ನಿಂತರೆ ಒಳಗಿನವರ ಮೇಲೆ ಬೀಳುವುದು ಗುರುತ್ವದ 16 ಪಟ್ಟು, 10 ಸೆಂಟಿಮೀಟರಿನಲ್ಲಿ ನಿಂತರೆ 98 ಪಟ್ಟು. ಮುದುಡಬೇಕಾದ ಜಾಗಕ್ಕೆ ಅಡ್ಡಲಾಗಿ ಗಟ್ಟಿ ಚಕ್ರ ಬಿಗಿದರೆ ಕವಚ ತೊಟ್ಟಂತಾಗದು, ಇದ್ದ ಕವಚವನ್ನೇ ಕೆಡಿಸಿದಂತಾಗುತ್ತದೆ. ಕೊಂಬಿಯನ್ನು ಕಟ್ಟಿದವರಿಗೂ ಇದು ಗೊತ್ತಿತ್ತು. 1972ರ ಆಗಸ್ಟಿನಿಂದ ಅದರ ಮುಂದಿನ ಬಂಪರಿನ ಹಿಂದೆ ಮುದುಡುವ ಚೌಕಟ್ಟನ್ನು ಸೇರಿಸಿದರು.

ಹಾಗಾದರೆ ಕೊಂಬಿಗೆ ಸಲ್ಲುವುದು ನಮ್ಮ ಲಾರಿಗೆ ಏಕೆ ಸಲ್ಲದು? ಎಂಜಿನ್ ಎಲ್ಲಿದೆ ಎಂದು ಕೇಳಿ. ಡಚ್ ವ್ಯಾಪಾರಿ ಬೆನ್ ಪೋನ್ 1947ರಲ್ಲಿ ಟಿಪ್ಪಣಿ ಪುಸ್ತಕದ ಹಾಳೆಯಲ್ಲಿ ಗೀಚಿದ ಡಬ್ಬಿಯಾಕಾರದ ಆ ವಾಹನ 1950ರಲ್ಲಿ ಕಾರ್ಖಾನೆಯಿಂದ ಹೊರಬಂತು, 1952ರಲ್ಲಿ ಅದರ ಪಿಕಪ್ ರೂಪವೂ ಬಂತು. ಎಲ್ಲದರಲ್ಲೂ ಎಂಜಿನ್ ಬೆನ್ನಿಗೆ. ಅದೂ ಗಾಳಿಯಿಂದಲೇ ತಂಪಾಗುವಂಥದ್ದು, ರೇಡಿಯೇಟರ್ ಎಂಬುದೇ ಇಲ್ಲ. ಎರಡನೇ ಮಹಾಯುದ್ಧದ ಜರ್ಮನ್ ಸೇನಾ ವಾಹನ ಕ್ಯೂಬಲ್‌ವಾಗನ್ ಮೂತಿಯ ಇಳಿಜಾರಿನಲ್ಲಿ ಸ್ಟೆಪ್ನಿ ಹೊತ್ತದ್ದೂ ಇದೇ ಧೈರ್ಯದಿಂದ. ಬೆನ್ನಿಗೆ ಎಂಜಿನ್ ಹೊತ್ತ ಕೊಂಬಿ ವ್ಯಾನಿಗೆ ಮೂತಿಯ ಮೇಲಿನ ಚಕ್ರ ತುಸು ಉಪಕಾರವನ್ನೂ ಮಾಡುತ್ತದೆ: ತೂಕದ ಕೇಂದ್ರ ಕೂದಲೆಳೆಯಷ್ಟು ಮುಂದೆ ಬಂದು, ಅಡ್ಡಗಾಳಿ ಬೀಸಿದಾಗ ವ್ಯಾನು ದಾರಿ ಬಿಟ್ಟು ತಿರುಗುವ ಚಾಳಿ ಅಷ್ಟು ಕಡಿಮೆಯಾಗುತ್ತದೆ. ಬ್ರೆಜಿಲ್‌ನಲ್ಲಿ 2013ರವರೆಗೂ ತಯಾರಾದ ಕೊಂಬಿಗೆ ಕೊನೆಯ ವರ್ಷಗಳಲ್ಲಿ ನೀರಿನಿಂದ ತಂಪಾಗುವ ಎಂಜಿನ್ ಬಂತು. ಆಗ ಮೂತಿಯ ಮೇಲೆ, ಹಳಬರು ಸ್ಟೆಪ್ನಿ ಕಟ್ಟುತ್ತಿದ್ದ ಜಾಗದಲ್ಲೇ, ಕಪ್ಪು ಜಾಲರಿಯ ರೇಡಿಯೇಟರ್ ಕೂತಿತು.

ನಮ್ಮ ಲಾರಿಯ ರೇಡಿಯೇಟರ್ ಇರುವುದೂ ಅಲ್ಲೇ. ಡೀಸೆಲ್ಲಿನ ಶಕ್ತಿಯಲ್ಲಿ ಕಾಲು ಭಾಗದ ಆಸುಪಾಸು ಅದರ ಮೂಲಕ ಗಾಳಿಗೆ ಸೇರಬೇಕು. ಹೆದ್ದಾರಿಯ ವೇಗದಲ್ಲಿ ಹೇಗೋ ನಡೆಯುತ್ತದೆ. ಶಿರಾಡಿ ಘಾಟಿಯನ್ನು ತುಂಬಿದ ಲಾರಿ ಎರಡನೇ ಗೇರಿನಲ್ಲಿ ಏರುವಾಗ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಎದುರುಗಾಳಿ ಇರುವುದಿಲ್ಲ, ಫ್ಯಾನು ಎಳೆದಷ್ಟೇ ಗಾಳಿ. ಜಾಲರಿಯ ಮುಂದೆ ಒಂದು ಮೀಟರ್ ಅಡ್ಡಳತೆಯ ಮುಚ್ಚಳ ಇಟ್ಟರೆ ಆ ಫ್ಯಾನು ಎಲ್ಲಿಂದ ಎಳೆಯಬೇಕು?

1948ರಲ್ಲಿ ಬಂದ ಲ್ಯಾಂಡ್ ರೋವರ್ ಇದಕ್ಕೆ ಜಾಣ ಉಪಾಯ ಕಂಡುಕೊಂಡಿತ್ತು. ಸ್ಟೆಪ್ನಿಯನ್ನು ಮೂತಿಗಲ್ಲ, ಬಾನೆಟ್ಟಿನ ಮೇಲೆ ಮಲಗಿಸಿ ಇಡಬಹುದಿತ್ತು. ಆ ಜಾಗ ಮುಂದಿನ ಆಕ್ಸಲ್‌ನ ನೆತ್ತಿಗೆ ಹತ್ತಿರ, ಹಾಗಾಗಿ ಸನ್ನೆಕೋಲಿನ ಬಡ್ಡಿ ಬಹುತೇಕ ಇಲ್ಲ. ರೇಡಿಯೇಟರಿಗೂ ಅಡ್ಡವಿಲ್ಲ. ಎಂಜಿನ್ ನೋಡಬೇಕಾದಾಗಲೆಲ್ಲ ಚಕ್ರದ ಸಮೇತ ಬಾನೆಟ್ ಎತ್ತಬೇಕು, ಎದುರಿನ ನೋಟವೂ ಸ್ವಲ್ಪ ಮರೆಯಾಗುತ್ತದೆ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ವಾಹನಗಳ ಮುಂದೆ ಅನುಮತಿಯಿಲ್ಲದೆ ಕ್ರ್ಯಾಶ್ ಗಾರ್ಡ್ ಜೋಡಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಉಲ್ಲಂಘನೆ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿತ್ತು. ಪಾದಚಾರಿಗಳಿಗೂ ವಾಹನದೊಳಗೆ ಇರುವವರಿಗೂ ಅವು ಅಪಾಯ ಎಂಬುದೇ ಕಾರಣ. ಅಲ್ಲೇ ಬಿಗಿದ ಗಟ್ಟಿ ಚಕ್ರಕ್ಕೂ ಅದೇ ಕಾರಣ ಸಲ್ಲುತ್ತದೆ. ಸ್ಟೆಪ್ನಿಗೆ ಯೋಗ್ಯ ಜಾಗ ಎರಡು ಆಕ್ಸಲ್‌ಗಳ ನಡುವೆ, ಚಾಸಿಯ ಪಕ್ಕ. ಅಲ್ಲಿ ಯಾವ ಆಕ್ಸಲ್ಲೂ ಸ್ಟೆಪ್ನಿಯ ತೂಕಕ್ಕಿಂತ ಹೆಚ್ಚು ಹೊರುವುದಿಲ್ಲ, ಯಾವುದೂ ಹಗುರವಾಗುವುದಿಲ್ಲ.

ನಂಬಿಕೆ ಬಾರದವರು ಒಂದು ಪರೀಕ್ಷೆ ಮಾಡಬಹುದು. ಸಮತಟ್ಟಾದ ನೆಲದಲ್ಲಿರುವ ವೇಬ್ರಿಡ್ಜ್ ಹುಡುಕಿ, ಖಾಲಿ ಲಾರಿಯ ಮುಂದಿನ ಚಕ್ರಗಳನ್ನು ಮಾತ್ರ ಅದರ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಿ. ಹಿಂದೆ ಚಾಸಿಯಡಿ ಇರುವ ಸ್ಟೆಪ್ನಿಯನ್ನು ಬಿಚ್ಚಿ ಮೂತಿಗೆ ಭದ್ರವಾಗಿ ಕಟ್ಟಿ, ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ತೂಗಿ. ಮೇಲೆ ಹೇಳಿದ ಅಳತೆಯ ಲಾರಿಯಾದರೆ, ಹತ್ತು ಕೆ.ಜಿ.ಗೊಮ್ಮೆ ಅಂಕಿ ಬದಲಿಸುವ ಫಲಕದಲ್ಲಿ 170ರಷ್ಟು ಹೆಚ್ಚು ಕಾಣಿಸುತ್ತದೆ. ಇಡೀ ಲಾರಿಯನ್ನು ಹತ್ತಿಸಿದರೆ ಎರಡೂ ಸಲ ಒಂದೇ ತೂಕ.