ಕಂಟ್ರೋಲರ್ ಹೇಳಿದ್ದಷ್ಟೇ ಗೊತ್ತು

ದೊಡ್ಡ ಕಟ್ಟಡದ ವೈಫೈ ಅಂದರೆ ಸೀಲಿಂಗ್‌ಗೆ ಅಂಟಿಕೊಂಡ ನೂರಾರು ಡಬ್ಬಿಗಳು, ಅಂದರೆ ಆಕ್ಸೆಸ್ ಪಾಯಿಂಟ್‌ಗಳು. ಯಾವ ಚಾನೆಲ್, ಎಷ್ಟು ಪವರ್ ಅಂತೆಲ್ಲ ಅವಕ್ಕೆ ಹೇಳುವುದು ಕಂಟ್ರೋಲರ್. ಈ ಮಾತುಕತೆಗೆ 2009ರಲ್ಲಿ ಕ್ಯಾಪ್‌ವ್ಯಾಪ್ ಎಂಬ ಸ್ಟ್ಯಾಂಡರ್ಡ್ ಬಂತು. ಯುಡಿಪಿ (ತಲುಪಿತಾ ಅಂತ ವಿಚಾರಿಸದೆ ಡೇಟಾ ಕಳಿಸುವ ವಿಧಾನ) ಪೋರ್ಟ್ 5246ರಲ್ಲಿ ಅಪ್ಪಣೆ, 5247ರಲ್ಲಿ ಡೇಟಾ.

ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ಗೆ ಸ್ವಿಚ್, ರೂಟರ್‌ಗಳನ್ನು ನೇರವಾಗಿ ವಿಚಾರಿಸಿ ಅಭ್ಯಾಸ. ವೈಫೈ ವಿಷಯದಲ್ಲಿ ಅದು ಕಂಟ್ರೋಲರನ್ನೇ ಕೇಳಬೇಕು. ಐಪಿ ಹಾಕಿ, ಪಾಸ್‌ವರ್ಡ್ ಕೊಟ್ಟು, ಹಸಿರು ಚುಕ್ಕೆ ಬಂದ ಕೂಡಲೇ ಕೆಲಸ ಮುಗೀತು ಅಂದುಕೊಳ್ಳುತ್ತೇವೆ, ಅಲ್ವಾ? ಆ ಚುಕ್ಕೆಯ ಅರ್ಥ ಕಂಟ್ರೋಲರ್ ಬದುಕಿದೆ ಅಂತ, ಅಷ್ಟೇ.

ಕೇಳುವ ಭಾಷೆ ಹೆಚ್ಚಾಗಿ ಎಸ್‌ಎನ್‌ಎಂಪಿ, 1988ರಿಂದಲೂ ಇರುವ ಹಳೇ ಪ್ರೋಟೋಕಾಲ್. ಇದರಲ್ಲಿ ಪ್ರತಿ ಮಾಹಿತಿಗೂ ಒಂದು ಉದ್ದದ ನಂಬರ್. ಸಿಸ್ಕೋ ಕಂಪನಿಯ ಕಂಟ್ರೋಲರ್‌ನಲ್ಲಿ ಆಕ್ಸೆಸ್ ಪಾಯಿಂಟ್‌ನ ಹೆಸರು ಕೇಳಿದರೆ ಅದು 1.3.6.1.4.1.14179 ಅಂತ ಶುರುವಾಗುತ್ತದೆ. ಈ ಉದ್ದದ ನಂಬರಿನೊಳಗೆ ಪ್ರತಿ ಕಂಪನಿಗೂ ತನ್ನದೇ ಒಂದು ನಂಬರ್ ಇರುತ್ತದೆ. ಸಿಸ್ಕೋದ ನಂಬರ್ 9 ಅಲ್ವಾ, ಈ 14179 ಯಾರದ್ದು? ಏರ್‌ಸ್ಪೇಸ್ ಕಂಪನಿಯದು. 2005ರಲ್ಲಿ ಸಿಸ್ಕೋ ಅದನ್ನು ಕೊಂಡುಕೊಂಡಿತು, ಬೋರ್ಡ್ ಬದಲಾಯಿತು, ನಂಬರ್ ಮಾತ್ರ ಹಾಗೇ ಉಳಿಯಿತು. ಯಾವ ನಂಬರ್ ಯಾವ ಮಾಹಿತಿಯದು ಅಂತ ಹೇಳುವ ಸರಿಯಾದ ಮಿಬ್ ಫೈಲ್ ಹಾಕದೆ ಸಿಸ್ಕೋ ನಂಬರ್ ಅಡಿಯಲ್ಲೇ ಹುಡುಕುತ್ತಾ ಕೂತರೆ ಅರ್ಧ ದಿನ ಸುಮ್ನೆ ಹೋಗುತ್ತದೆ.

ಆ ಉದ್ದದ ನಂಬರಿನ ಬಾಲವೂ ಮಜವಾಗಿದೆ. ಕೊನೆಯ ಆರು ಅಂಕಿಗಳು 0.36.80.16.66.24 ಅಂತಿದ್ದರೆ ಅದು 00:24:50:10:42:18 ಎಂಬ ಮ್ಯಾಕ್ ವಿಳಾಸ (ಪ್ರತಿ ಡಬ್ಬಿಗೂ ಇರುವ ಅದರದ್ದೇ ಗುರುತಿನ ನಂಬರ್), ಹೆಕ್ಸ್ ಅಂದರೆ ಹದಿನಾರರ ಲೆಕ್ಕ ಬಿಟ್ಟು ಮಾಮೂಲಿ ಹತ್ತರ ಲೆಕ್ಕದಲ್ಲಿ ಬರೆದದ್ದು. ಅಂದರೆ ಪ್ರತಿ ಡಬ್ಬಿಗೂ ಟೇಬಲ್‌ನಲ್ಲಿ ಒಂದು ಸಾಲು, ಆ ಸಾಲಿನ ಗುರುತು ಅದರ ಮ್ಯಾಕ್.

ತಲೆನೋವು ಇರುವುದು ಇಲ್ಲೇ. ಒಂದು ಡಬ್ಬಿ ಕೆಟ್ಟು ಕಂಟ್ರೋಲರ್‌ನಿಂದ ಕಳಚಿಕೊಂಡರೆ ಎಷ್ಟೋ ಸಲ "ಕೆಟ್ಟಿದೆ" ಅಂತ ಉತ್ತರ ಬರುವುದಿಲ್ಲ, ಆ ಸಾಲೇ ಮಾಯವಾಗುತ್ತದೆ. ನಿನ್ನೆ 200 ಇದ್ದದ್ದು ಇವತ್ತು 199. ಸಾಫ್ಟ್‌ವೇರ್ ತನ್ನದೇ ಪಟ್ಟಿ ಇಟ್ಟುಕೊಂಡು ಹೋಲಿಸದಿದ್ದರೆ ಯಾವುದು ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಕಂಟ್ರೋಲರ್ ಯಾರೂ ಕೇಳದೆ ತಾನಾಗಿ ಟ್ರ್ಯಾಪ್ ಎಂಬ ಎಚ್ಚರಿಕೆ ಸಂದೇಶ ಕಳಿಸುತ್ತದೆ ನಿಜ, ಆದರೆ ಅದು ಸಾಮಾನ್ಯವಾಗಿ ಯುಡಿಪಿ ಪೋರ್ಟ್ 162ಕ್ಕೆ ಹೋಗುವ ಚೀಟಿ, ದಾರಿಯಲ್ಲಿ ಕಳೆದುಹೋದರೆ ಕಳಿಸಿದವರಿಗೂ ತಿಳಿಯದು. ಹಾಗಂತ ನಿಮಿಷಕ್ಕೊಮ್ಮೆ ಇಡೀ ಟೇಬಲ್ ಕೇಳಿದರೆ ಕಂಟ್ರೋಲರ್‌ಗೆ ಅದೇ ಹೊರೆ.

ಇನ್ನೂ ಜಾಸ್ತಿ ಗಾಬರಿ ಹುಟ್ಟಿಸುವುದು ಕಂಟ್ರೋಲರೇ ಕೈಕೊಟ್ಟಾಗ. ಡಬ್ಬಿಗಳೆಲ್ಲ ಎರಡನೇ ಕಂಟ್ರೋಲರ್‌ಗೆ ಹೋಗಿ ಸೇರಿಕೊಳ್ಳುತ್ತವೆ, ಜನರ ಫೋನುಗಳು ಸ್ವಲ್ಪ ತಡವರಿಸಿ ಮತ್ತೆ ಓಡುತ್ತವೆ. ಇತ್ತ ಸ್ಕ್ರೀನಿನಲ್ಲಿ ಮಾತ್ರ 200 ಕೆಂಪು ಚುಕ್ಕೆ, ಜೊತೆಗೆ ಎಲ್ಲಿಂದಲೋ ಬಂದ 200 "ಹೊಸ" ಡಬ್ಬಿಗಳು, ಹಳೇ ಗ್ರಾಫ್‌ಗಳೆಲ್ಲ ಅರ್ಧಕ್ಕೇ ತುಂಡು. ಸಾಫ್ಟ್‌ವೇರ್ ಡಬ್ಬಿಯನ್ನು ಕಂಟ್ರೋಲರ್‌ಗೆ ಗಂಟು ಹಾಕಿದ್ದರ ಫಲ ಇದು. ಎರಡೂ ಕಂಟ್ರೋಲರ್‌ಗಳನ್ನು ಒಂದೇ ಗುಂಪಿಗೆ ಹಾಕಿ, ಡಬ್ಬಿಯನ್ನು ಆ ಬಾಲದ ಆರು ಅಂಕಿಗಳಿಂದ ಗುರುತು ಹಿಡಿಯುವ ಹಾಗೆ ಮಾಡಿದರೆ ಅದು ಯಾರ ಕೆಳಗಿದ್ದರೂ ಅದೇ ಡಬ್ಬಿ, ಅದೇ ಗ್ರಾಫ್.